ಐದೇ ಸಮೀಕರಣ ಸಾಕು

ನಮ್ಮ ಫೆಸ್ಟ್‌ನ ಗ್ರಾಫ್ ಆರ್ಟ್ ಸ್ಪರ್ಧೆಯ ನಿಯಮ ಬದಲಾಗಬೇಕು ಅನ್ನೋದು ನನ್ನ ವಾದ. ಡೆಸ್ಮಾಸ್‌ನಲ್ಲಿ ಸಮೀಕರಣಗಳಿಂದ ಚಿತ್ರ ಬಿಡಿಸಿ, ಇಷ್ಟೇ ಈಗಿರುವ ನಿಯಮ. ಹಾಗಾಗಿ ಗೆಲ್ಲೋದು ಯಾರು? ಹುಲಿಯ ಫೋಟೋ ಒಂದನ್ನು ಟ್ರೇಸ್ ಮಾಡುವ ಸಾಫ್ಟ್‌ವೇರ್‌ಗೆ ಕೊಟ್ಟು, ಅದು ಕಕ್ಕಿದ ನೂರಾರು ಸಮೀಕರಣಗಳನ್ನು ಪೇಸ್ಟ್ ಮಾಡಿದವರು. ಚಿತ್ರ ಚೆನ್ನಾಗೇ ಇರುತ್ತೆ. ಆದರೆ ಮೀಸೆಯ ಒಂದು ಕೂದಲು ತೋರಿಸಿ 'ಇದು ಯಾವ ಸಾಲು?' ಅಂದರೆ ಅವರಿಗೇ ಗೊತ್ತಿರಲ್ಲ. ಪಕ್ಕದಲ್ಲಿ ಎರಡೇ ಸಾಲಿನಲ್ಲಿ ಹೂವು ಅರಳಿಸಿದ ಫಸ್ಟ್ ಇಯರ್ ಹುಡುಗಿಗೆ ಸಮಾಧಾನಕರ ಬಹುಮಾನವೂ ಇಲ್ಲ. ಮುಂದಿನ ವರ್ಷ ಆಕೆ ಈ ಕಡೆ ತಲೆ ಹಾಕ್ತಾಳಾ?

ಆ ಹೂವಿನಲ್ಲಿ ಏನಿದೆ ನೋಡಿ. ಪ್ಯಾರಾಮೆಟ್ರಿಕ್ ಅಂದರೆ ಪೆನ್ನಿಗೆ ಕೊಡುವ ಆಜ್ಞೆ. ಟಿ ಅನ್ನೋದನ್ನು ಸಮಯ ಅಂದುಕೊಳ್ಳಿ. ಆ ಕ್ಷಣದಲ್ಲಿ ಪೆನ್ನು ಎಡ-ಬಲಕ್ಕೆ ಎಲ್ಲಿರಬೇಕು ಅಂತ ಎಕ್ಸ್ ಹೇಳುತ್ತೆ, ಮೇಲೆ-ಕೆಳಗೆ ಎಲ್ಲಿ ಅಂತ ವೈ ಹೇಳುತ್ತೆ. ಎಕ್ಸ್ = ಕಾಸ್ ಟಿ, ವೈ = ಸೈನ್ ಟಿ ಅಂದರೆ ವೃತ್ತ. ಎರಡಕ್ಕೂ ಕಾಸ್ ಕೆಟಿ ಗುಣಿಸಿ, ಹೂವು! ಕೆ 3 ಆದರೆ 3 ದಳ, 5 ಆದರೆ 5. ಸರಿ, 4 ಹಾಕಿದರೆ 4 ಅಂದುಕೊಂಡಿರಾ? ಬರೋದು 8. ಬೆಸ ಸಂಖ್ಯೆ ಹಾಕಿದಾಗ ಪೆನ್ನು ಎರಡನೇ ಅರ್ಧದಲ್ಲಿ ಹಳೇ ದಳಗಳ ಮೇಲೇ ಇನ್ನೊಮ್ಮೆ ಓಡುತ್ತೆ, ಸಮ ಸಂಖ್ಯೆಗೆ ಹೊಸ ದಳ ಬಿಡಿಸುತ್ತೆ. ಈಗ ಕೆ 2.5 ಮಾಡಿ. ಟಿ 0ಯಿಂದ 2ಪೈವರೆಗೆ ಓಡಿದರೆ ಬಲಗಡೆ ಹೊರಟ ಪೆನ್ನು ಎಡಗಡೆ ಹೋಗಿ ನಿಂತುಬಿಡುತ್ತೆ, ಹೂವು ಅರ್ಧಂಬರ್ಧ. 4ಪೈವರೆಗೆ ಬಿಟ್ಟರೆ ಒಂದರ ಮೇಲೊಂದು ಹಾಯುವ 10 ದಳ. ರಂಗೋಲಿಯಲ್ಲಿ ಚುಕ್ಕಿ ಸುತ್ತಿ ಬರುವ ಎಳೆ ಹೊರಟಲ್ಲಿಗೇ ಬಂದು ಸೇರಬೇಕಲ್ಲ, ಅದೇ ಕಥೆ.

ಇಷ್ಟನ್ನು ಕಂಡುಕೊಳ್ಳೋಕೆ ಒಂದು ಸ್ಲೈಡರ್, ಅರ್ಧ ಗಂಟೆ, ಸ್ವಲ್ಪ ಕುತೂಹಲ ಸಾಕು. ಎಂ-1ರಲ್ಲಿ ನಾವು ಕಾರ್ಡಿಯಾಯ್ಡ್‌ನ ರೇಡಿಯಸ್ ಆಫ್ ಕರ್ವೇಚರ್ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡವರು. ಅದು ಹೃದಯದ ಆಕಾರದಲ್ಲಿದೆ ಅಂತ ಎಷ್ಟು ಜನ ಬಿಡಿಸಿ ನೋಡಿದ್ದೀವಿ?

ಕಮ್ಮಿ ಸಮೀಕರಣದಲ್ಲಿ ಏನು ಮಹಾ ಚಿತ್ರ ಬರುತ್ತೆ ಅನ್ನೋರಿಗೆ ಟೆಂಪಲ್ ಫೇ 1989ರಲ್ಲಿ ಪ್ರಕಟಿಸಿದ ಚಿಟ್ಟೆಯನ್ನು ತೋರಿಸಬೇಕು. ಒಂದು ಎಕ್ಸ್, ಒಂದು ವೈ, ಅಷ್ಟೇ. ಆವರಣದೊಳಗೆ ಮೂರು ಪದ: ಇ ಘಾತ ಕಾಸ್ ಟಿ, ಅದರಿಂದ ಕಳೆದ 2 ಕಾಸ್ 4ಟಿ, ಆಮೇಲೆ ಟಿ ಭಾಗಿಸು 12ರ ಸೈನ್‌ನ ಐದನೇ ಘಾತ. ಆವರಣವನ್ನು ಸೈನ್ ಟಿಯಿಂದ ಗುಣಿಸಿದರೆ ಎಕ್ಸ್, ಕಾಸ್ ಟಿಯಿಂದ ಗುಣಿಸಿದರೆ ವೈ. ಕೊನೆಯ ಪದವನ್ನು ಅಳಿಸಿ ನೋಡಿ: ಪೆನ್ನು ಪ್ರತಿ ಸುತ್ತೂ ಅದೇ ಗೆರೆ ತಿದ್ದುತ್ತೆ, ಬೋಳು ಅಂಚು ಮಾತ್ರ ಉಳಿಯುತ್ತೆ. ಅದನ್ನು ವಾಪಸ್ ಹಾಕಿ ಟಿಯನ್ನು 12ಪೈವರೆಗೆ ಓಡಿಸಿದರೆ ಪ್ರತಿ ಸುತ್ತೂ ಚೂರು ಸರಿದು ರೆಕ್ಕೆಯೊಳಗೆ ಪದರ ಪದರ ಗೆರೆ ಮೂಡುತ್ತೆ. ಆ ಪುಟ್ಟ ಪದವನ್ನು ಹೊಳೆಸಿಕೊಂಡಿದ್ದಾರಲ್ಲ, ಕಲೆ ಇರೋದು ಅಲ್ಲಿ ಅಂತ ನನ್ನ ಲೆಕ್ಕ.

ಟ್ರೇಸ್ ಮಾಡಿದ ಹುಲಿಯೂ ಪ್ಯಾರಾಮೆಟ್ರಿಕ್ಕೇ ಅಲ್ವಾ ಅಂತ ಯಾರಾದರೂ ಕೇಳಬಹುದು. ಹೌದು. ಆ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಕೊಡೋದು ಬೆಜಿಯರ್ ಕರ್ವ್, ಅದೂ ಟಿ 0ಯಿಂದ 1ರವರೆಗೆ ಓಡುವ ಪ್ಯಾರಾಮೆಟ್ರಿಕ್ ರೇಖೆಯೇ. ನೀವೀಗ ಓದುತ್ತಿರುವ ಈ ಕನ್ನಡ ಅಕ್ಷರಗಳ ಅಂಚುಗಳೂ ಫಾಂಟ್ ಫೈಲಿನೊಳಗೆ ಅಂಥವೇ ತುಂಡುಗಳು. ಫೋಟೋದ ಅಂಚು ಹಿಡಿದು ಕರ್ವ್ ಕೂರಿಸುವ ಪ್ರೋಗ್ರಾಂ ಅನ್ನು ನೀವೇ ಬರೆದಿದ್ದರೆ ಅದಕ್ಕೆ ನನ್ನ ಸಲಾಂ, ಆದರೆ ಅದು ಕೋಡಿಂಗ್ ಸ್ಪರ್ಧೆಗೆ ಹೋಗಲಿ. ಕೈಯಾರೆ ಇನ್ನೂರು ಸಾಲು ಕೂರಿಸುವ ತಾಳ್ಮೆಯವರೂ ಇದ್ದಾರೆ. ಅವರಿಗೆ ಈ ನಿಯಮದಿಂದ ಸ್ವಲ್ಪ ಅನ್ಯಾಯ ಆಗುತ್ತೆ, ಒಪ್ಪುತ್ತೇನೆ. ಅವರಿಗೆ ಬೇಕಾದರೆ ಬೇರೆ ವಿಭಾಗ ಇಡಿ.

ನಿಯಮ ಹೀಗಿರಲಿ: ಗರಿಷ್ಠ ಐದು ಸಮೀಕರಣ; ಎಕ್ಸ್-ವೈ ಜೋಡಿ ಸೇರಿ ಒಂದು. ಅಷ್ಟನ್ನೂ ಎಐ ಹತ್ರ ಬರೆಸ್ಕೊಂಡು ಬಂದ್ರೆ? ಬರಲಿ ಬಿಡಿ. ಜಡ್ಜ್ ಯಾವುದಾದರೂ ಒಂದು ಸಂಖ್ಯೆಗೆ ಬೆರಳಿಟ್ಟು, ಸ್ಕ್ರೀನ್ ಆಫ್ ಮಾಡಿ, 'ಈ 4ನ್ನು 5 ಮಾಡಿದರೆ ಏನಾಗುತ್ತೆ, ಪೇಪರ್ ಮೇಲೆ ಬಿಡಿಸಿ' ಅನ್ನಲಿ. ಎರಡು ನಿಮಿಷದ ಕೆಲಸ. ಅರ್ಧ ಅಂಕ ಚಿತ್ರಕ್ಕೆ, ಇನ್ನರ್ಧ ಈ ಉತ್ತರಕ್ಕೆ.

ಮುಂದಿನ ಸಲ ಥೀಮ್ ಬೇಕಿದ್ದರೆ ನಮ್ಮ ಕನ್ನಡ ಸಂಘದ ಕಡೆಯಿಂದ ಒಂದು: ಕನ್ನಡದ ಅಕ್ಷರ. ಇಂಟರ್ನೆಟ್ಟಿನಲ್ಲಿ ಊರೆಲ್ಲ ಸುತ್ತಿರುವ ನಮ್ಮ ಠ_ಠ ಮುಖದ ಠ ಸುಲಭ. ದೀರ್ಘವೃತ್ತ, ನಡುವೆ ಚುಕ್ಕಿ, ನೆತ್ತಿಯ ಮೇಲೊಂದು ಗೆರೆ, ಮೂರರಲ್ಲಿ ಮುಗೀತು. ಧೈರ್ಯ ಇರೋರು ಐದರೊಳಗೆ 'ಕ್ಷ' ಬಿಡಿಸಿ ತೋರಿಸಿ.