ತಿಳಿದುಕೊಳ್ಳೋಣ ಬನ್ನಿ: ಪುಣೆಗೆ ಗೊತ್ತು, ಬೆಳಗಾವಿಗೆ ಗೊತ್ತಿಲ್ಲ!



ಈ ಸಲ ಕಂಪ್ಯೂಟರ್ ಜಾಲಗಳ ಒಂದು ಸಣ್ಣ ನಿಯಮದ ವಿಷಯ. ನಿಯಮ ಸಣ್ಣದಾದರೂ ಅದನ್ನು ತಿಳಿಯದಿದ್ದರೆ ಒಂದು ಶಾಖೆಯ ಕೆಲಸವೇ ನಿಂತುಹೋದೀತು. ಹಿಂಜವಡಿ, ಖರಾಡಿಗಳಲ್ಲಿ ಕೆಲಸಕ್ಕೆ ಸೇರಿರುವ, ಸೇರಲಿರುವ ನಿಮ್ಮಲ್ಲಿ ಹಲವರಿಗೆ ಇದು ಉಪಯೋಗಕ್ಕೆ ಬರಬಹುದು.

ದೂರದ ಕಚೇರಿಗಳನ್ನು ಜೋಡಿಸುವ ಅಗ್ಗದ ವಿಧಾನವೆಂದರೆ ನಡುವೆ ಒಂದು ಕೇಂದ್ರ, ಸುತ್ತಲೂ ಶಾಖೆಗಳು. ಸೈಕಲ್ಲುಗಳ ಊರೆಂದು ಹೆಸರಾಗಿದ್ದ ಪುಣೆಯವರಿಗೆ ಚಕ್ರದ ಹಬ್ ಮತ್ತು ಕಡ್ಡಿಗಳನ್ನು ನೆನಪಿಸಿದರೆ ಸಾಕು. 1980ರ ದಶಕದ ಕೊನೆಯಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಕಟ್ಟಿದ ನಿಕ್‌ನೆಟ್ ಇದೇ ಆಕಾರದ್ದು. ಜಿಲ್ಲಾ ಕೇಂದ್ರಗಳಲ್ಲಿ ಸಣ್ಣ ಡಿಶ್ ಆಂಟೆನಾ, ದಿಲ್ಲಿಯಲ್ಲಿ ದೊಡ್ಡ ಭೂಕೇಂದ್ರ. ಪುಣೆಯಿಂದ ಬೆಳಗಾವಿಗೆ ರಸ್ತೆಯಲ್ಲಿ ಸುಮಾರು 340 ಕಿ.ಮೀ. ಆದರೆ ಇಂಥ ಜಾಲದಲ್ಲಿ ಪುಣೆಯ ಸಂದೇಶ 36,000 ಕಿ.ಮೀ. ಮೇಲಿನ ಉಪಗ್ರಹಕ್ಕೆ ಏರಿ, ದಿಲ್ಲಿಗೆ ಇಳಿದು, ಮತ್ತೆ ಏರಿ ಬೆಳಗಾವಿಗೆ ಇಳಿಯಬೇಕು. ಸುಮಾರು ಒಂದೂವರೆ ಲಕ್ಷ ಕಿ.ಮೀ., ಅರ್ಧ ಸೆಕೆಂಡಿನ ಪಯಣ!

ಈಗ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳಿ. ಪುಣೆ ಕೇಂದ್ರ, ಸೋಲಾಪುರ, ಬೆಳಗಾವಿ ಶಾಖೆಗಳು. ಪ್ರತಿ ಊರಿನಲ್ಲೂ ದಾರಿ ತೋರಿಸುವ ಯಂತ್ರ, ಅಂದರೆ ರೂಟರ್. ಇವು ದಾರಿಯನ್ನು ಹೇಗೆ ಕಲಿಯುತ್ತವೆ? ಹಳೆಯ ವಿಧಾನಗಳಲ್ಲೊಂದು ಡಿಸ್ಟೆನ್ಸ್ ವೆಕ್ಟರ್. ಯಾರ ಕೈಯಲ್ಲೂ ಪೂರ್ತಿ ನಕಾಶೆ ಇರುವುದಿಲ್ಲ. "ನನ್ನಿಂದ ಆ ಊರು ಎರಡು ಹೆಜ್ಜೆ" ಎಂದು ನೆರೆಯವನು ಹೇಳಿದರೆ, ಇವನು ಒಂದು ಕೂಡಿಸಿ "ಹಾಗಾದರೆ ನನಗೆ ಮೂರು" ಎಂದು ಬರೆದುಕೊಳ್ಳುತ್ತಾನೆ. 1988ರಲ್ಲಿ ಅಧಿಕೃತ ದಾಖಲೆಯಾಗಿ ಬಂದ ರಿಪ್ ಎಂಬ ಪ್ರೋಟೊಕಾಲ್ ಹೀಗೆ 30 ಸೆಕೆಂಡಿಗೊಮ್ಮೆ ಸುದ್ದಿ ಹಂಚುತ್ತದೆ. 15 ಹೆಜ್ಜೆ ಅದರ ಮಿತಿ. 16 ಎಂದರೆ "ದಾರಿಯೇ ಇಲ್ಲ".

ಕೇಳಿದ ಮಾತನ್ನೇ ನಂಬುವಲ್ಲಿ ಗಾಳಿಸುದ್ದಿಯ ಭಯ ಇದ್ದದ್ದೇ. ಸೋಲಾಪುರದ ಒಂದು ಜಾಲ ಕೆಟ್ಟಿತೆನ್ನಿ. ಅದನ್ನು ಸೋಲಾಪುರ ತಿಳಿಸುವ ಮೊದಲೇ ಪುಣೆಯು "ಆ ಜಾಲಕ್ಕೆ ನನ್ನಲ್ಲಿ ದಾರಿಯಿದೆ" ಎಂದು ಹಳೆಯ ಸುದ್ದಿಯನ್ನು ಸೋಲಾಪುರಕ್ಕೇ ಹೇಳಿದರೆ? ಸೋಲಾಪುರ ನಂಬುತ್ತದೆ. ಇವನ ಮಾತನ್ನು ಅವನು, ಅವನ ಮಾತನ್ನು ಇವನು ನಂಬುತ್ತ ಲೆಕ್ಕ 16ರವರೆಗೆ ಏರುತ್ತದೆ. ಅಷ್ಟು ಹೊತ್ತು ಸಂದೇಶಗಳು ಅವರಿಬ್ಬರ ನಡುವೆ ಸುತ್ತುತ್ತಲೇ ಇರುತ್ತವೆ. ಇದನ್ನು ತಡೆಯಲು ಒಂದು ನಿಯಮ ಬಂತು: ಯಾವ ಬಾಗಿಲಿನಿಂದ ಸುದ್ದಿ ಬಂತೋ ಅದೇ ಬಾಗಿಲಿನಿಂದ ಅದನ್ನು ಹೊರಗೆ ಹೇಳಬೇಡ. ಇದೇ ಸ್ಪ್ಲಿಟ್ ಹೊರೈಜನ್.

ಇಬ್ಬರೇ ಇರುವ ತಂತಿಯ ಮೇಲೆ ನಿಯಮ ಸರಿ. ಆದರೆ ಫ್ರೇಮ್ ರಿಲೇಯಂಥ ಜಾಲದಲ್ಲಿ ಎಲ್ಲ ಶಾಖೆಗಳೂ ಪುಣೆಯ ಒಂದೇ ಬಾಗಿಲಿಗೆ, ಅಂದರೆ ಒಂದೇ ಇಂಟರ್‌ಫೇಸಿಗೆ ಬಂದು ಸೇರಬಹುದು. ಸೋಲಾಪುರದ ಸುದ್ದಿ ಆ ಬಾಗಿಲಿನಿಂದ ಬಂತು. ಬೆಳಗಾವಿ ಇರುವುದೂ ಅದೇ ಬಾಗಿಲಿನಾಚೆ. ನಿಯಮ ಪಾಲಿಸುವ ಪುಣೆ ಬಾಯಿ ಬಿಡುವುದಿಲ್ಲ. ಪುಣೆಯಲ್ಲಿ ಕುಳಿತು ಪರೀಕ್ಷಿಸಿದರೆ ಎರಡೂ ಶಾಖೆಗಳು ಉತ್ತರ ಕೊಡುತ್ತವೆ, ಎಲ್ಲ ಸರಿಯಾಗಿದೆ ಎನಿಸುತ್ತದೆ. ಬೆಳಗಾವಿಯವರಿಗೆ ಮಾತ್ರ ಸೋಲಾಪುರ ಕಾಣಿಸದು. ಆದ್ದರಿಂದ ದೂರು ಬಂದಾಗ ಶಾಖೆಯವರನ್ನು ದೂಷಿಸದೆ ಶಾಖೆಯ ರೂಟರಿನ ಪಟ್ಟಿಯನ್ನೇ ತೆರೆದು ನೋಡಿ.

ಪರಿಹಾರ ಮೂರು. ಮೊದಲನೆಯದು, ಒಂದು ಬಾಗಿಲನ್ನು ಶಾಖೆಗೊಂದರಂತೆ ಸಬ್‌ಇಂಟರ್‌ಫೇಸ್‌ಗಳಾಗಿ ವಿಂಗಡಿಸುವುದು. ನಿಯಮವೂ ಉಳಿಯುತ್ತದೆ, ಸುದ್ದಿಯೂ ಹರಿಯುತ್ತದೆ. ಪ್ರತಿ ಕೊಂಡಿಗೂ ಎರಡೇ ವಿಳಾಸಗಳ ಪುಟ್ಟ ಸಬ್‌ನೆಟ್ ಕೊಡುವುದಾದರೆ ರಿಪ್‌ನ ಎರಡನೆಯ ಆವೃತ್ತಿ ಬೇಕು. ಮೊದಲನೆಯದು ಸಬ್‌ನೆಟ್ ಮಾಸ್ಕನ್ನು ಹೊತ್ತೊಯ್ಯುವುದಿಲ್ಲ. ಎರಡನೆಯದು, ಕೇಂದ್ರದ ಆ ಇಂಟರ್‌ಫೇಸಿನಲ್ಲಿ ಮಾತ್ರ ನಿಯಮವನ್ನು ತೆಗೆಯುವುದು. ರಿಪ್ ಬಳಸುವ ಸಿಸ್ಕೋ ರೂಟರಿನಲ್ಲಿ ಇದಕ್ಕೆ "ನೋ ಐಪಿ ಸ್ಪ್ಲಿಟ್-ಹೊರೈಜನ್" ಎಂಬ ಆಜ್ಞೆ. ಆಗ ಗಾಳಿಸುದ್ದಿಯ ಭಯ ಮರಳುತ್ತದೆ, ಎಚ್ಚರವಿರಲಿ. ಮೂರನೆಯದು ಸರಳ. ಶಾಖೆಗೆ ಹೊರಗೆ ಹೋಗಲು ಇರುವುದು ಒಂದೇ ದಾರಿಯಾದರೆ, "ಗೊತ್ತಿಲ್ಲದ್ದೆಲ್ಲ ಪುಣೆಗೆ" ಎಂಬ ಒಂದು ಡಿಫಾಲ್ಟ್ ರೂಟ್ ಸಾಕು.

ಫ್ರೇಮ್ ರಿಲೇ ಈಗ ಬಹುಮಟ್ಟಿಗೆ ಮರೆಯಾಗಿದೆ. ಆದರೆ ಇಂಟರ್ನೆಟ್ ಮೇಲೆ ಒಂದೇ ಸುರಂಗದ ಬಾಯಿಗೆ ಹಲವು ಶಾಖೆಗಳನ್ನು ಸೇರಿಸುವ ಡಿಎಂವಿಪಿಎನ್ ಜಾಲಗಳಲ್ಲಿ ಇದೇ ತೊಡಕು ಮತ್ತೆ ಎದುರಾಗುತ್ತದೆ. ಅಲ್ಲಿ ಬಾಗಿಲನ್ನು ವಿಂಗಡಿಸುವಂತಿಲ್ಲ. ಉಳಿದೆರಡು ಉಪಾಯಗಳಲ್ಲಿ ಒಂದನ್ನು ಆರಿಸಬೇಕು.

ಒಂದು ಹಾಳೆಯ ಮೇಲೆ ಮೂರು ಊರು ಬರೆದು, ಪ್ರತಿಯೊಂದರ ಪಟ್ಟಿಯನ್ನು ನೀವೇ ತುಂಬಿ ನೋಡಿ. ಬೆಳಗಾವಿಯ ಪಟ್ಟಿಯಲ್ಲಿ ಯಾವ ಸಾಲು ಖಾಲಿ ಉಳಿಯುತ್ತದೆಂದು ಕಂಡ ಮೇಲೆ ಈ ಪಾಠ ಮರೆಯುವುದಿಲ್ಲ.