ಹೆಸರು ಬೆಂಗಳೂರಿನದು, ಅಂಗಳ ಪರವೂರಿನದು!



ಹೊಸ ಸೀಸನ್ನಿನ ವೇಳಾಪಟ್ಟಿ ಬಂತೆಂದರೆ ಆಟದ ಹುಚ್ಚಿರುವ ಹುಡುಗರು ಮೊದಲು ಹುಡುಕುವುದು ಎರಡೇ ಸಂಗತಿ. ನಮ್ಮ ತಂಡ ಎಲ್ಲಿ ಆಡುತ್ತದೆ? ಎಷ್ಟು ಹೊತ್ತಿಗೆ ಆಡುತ್ತದೆ? ಎದುರಾಳಿ ಯಾರೆಂಬುದು ಮೂರನೆಯ ಮಾತು. ಈ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲೇ ಆಟ ನಡೆಸುವವರ ಲೆಕ್ಕದಲ್ಲಿ ನಾವು ಇದ್ದೇವೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ನೋಡುವ ಹುಡುಗರು ನಿಮ್ಮ ಗುಂಪಿನಲ್ಲೂ ಇರಬಹುದು. ಅವರ ಪಾಡು ನೋಡಿ. ನ್ಯೂಯಾರ್ಕಿನಲ್ಲಿ ಸಂಜೆ 7 ಗಂಟೆ ಎಂದರೆ ನಮಗೆ ಮರುದಿನ ಬೆಳಗಿನ ಜಾವ 4.30. ಚಳಿಗಾಲಕ್ಕೆ ಅವರು ಗಡಿಯಾರ ಬದಲಿಸಿದ ಮೇಲೆ 5.30. ವೇಳಾಪಟ್ಟಿ ಬಂದ ದಿನವೇ ಈ ಹುಡುಗರು ಕೂಡಿ ಕಳೆದು ಲೆಕ್ಕ ಹಾಕುತ್ತಾರೆ. ಯಾವ ದಿನ ನಿದ್ದೆ ಬಿಡಬೇಕು, ಯಾವ ದಿನ ಕಾಲೇಜು ತಪ್ಪುತ್ತದೆ ಎಂದು. ಗೊಣಗುತ್ತಾರೆ, ಆದರೂ ಎದ್ದು ಕೂರುತ್ತಾರೆ. ಇದಕ್ಕೆ ಯಾರನ್ನು ಬೈಯುವುದು? ಭೂಮಿ ಗುಂಡಗಿದೆ. ಸೂರ್ಯನ ಮೇಲೆ ದಾವೆ ಹೂಡಲಾಗುತ್ತದೆಯೇ?

ಆದರೆ ಕಬಡ್ಡಿಯ ಕತೆ ಹಾಗಲ್ಲ. ಇದು ನಮ್ಮ ಮಣ್ಣಿನ ಆಟ. ಟಿವಿಯಲ್ಲಿ ಕನ್ನಡದಲ್ಲೇ ವಿವರಣೆ ಕೇಳುತ್ತೇವೆ. ತಂಡದ ಹೆಸರು ಬೆಂಗಳೂರು ಬುಲ್ಸ್. ಆದರೆ 2024ರ ವೇಳಾಪಟ್ಟಿ ತೆಗೆದು ನೋಡಿ: ಹೈದರಾಬಾದ್, ನೋಯ್ಡಾ, ಪುಣೆ. 2025ರದ್ದು ನೋಡಿ: ವಿಶಾಖಪಟ್ಟಣ, ಜೈಪುರ, ಚೆನ್ನೈ, ದಿಲ್ಲಿ. ಬೆಂಗಳೂರು ಎಲ್ಲಿ? ಹುಬ್ಬಳ್ಳಿ ಎಲ್ಲಿ? ಮಂಗಳೂರು ಎಲ್ಲಿ? ಇಡೀ ಕರ್ನಾಟಕದಲ್ಲಿ ಎರಡು ಸೀಸನ್ ಒಂದೇ ಒಂದು ಪಂದ್ಯವಿಲ್ಲ! ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂದರೆ ಇದೇ ಅಲ್ಲವೇ?

ಇದು ಮೊನ್ನೆ ಮೊನ್ನೆಯ ಕಾಯಿಲೆಯೂ ಅಲ್ಲ. ಪ್ರೊ ಕಬಡ್ಡಿ ಶುರುವಾದದ್ದು 2014ರ ಜುಲೈ 26ರಂದು, ಎಂಟು ತಂಡಗಳೊಂದಿಗೆ. ಅದರಲ್ಲಿ ಬೆಂಗಳೂರೂ ಒಂದು. 2016ರವರೆಗೆ ನಮ್ಮ ತವರು ಪಂದ್ಯಗಳು ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದವು. 2017ರಲ್ಲಿ ತಂಡಗಳು ಹನ್ನೆರಡಾದವು. ಆ ವರ್ಷ ಬೆಂಗಳೂರಿನ ‘ತವರು’ ಪಂದ್ಯಗಳು ನಡೆದದ್ದು ನಾಗಪುರದಲ್ಲಿ! 2018ರಲ್ಲಿ ಪುಣೆಯಲ್ಲಿ! ಕಂಠೀರವ ಸಿಗಲಿಲ್ಲ ಎಂಬುದು ಕಾರಣ. ತಮಾಷೆ ಏನೆಂದರೆ, ಊರು ಬಿಟ್ಟು ಆಡಿದ ಅದೇ ಸೀಸನ್ನಿನಲ್ಲಿ ನಮ್ಮ ತಂಡ ಗೆದ್ದಿತು. 2019ರ ಜನವರಿ 5ರಂದು ಮುಂಬೈಯ ಫೈನಲ್ಲಿನಲ್ಲಿ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಬೆಂಗಳೂರಿನ ಹೆಸರಿಗೆ ಕಪ್ ಬಂತು, ಆದರೆ ಆ ಸೀಸನ್ನಿನಲ್ಲಿ ತಂಡ ಆಡಿದ್ದನ್ನು ಬೆಂಗಳೂರಿನ ಜನ ತಮ್ಮ ಊರಿನಲ್ಲಿ ನೋಡಲೇ ಇಲ್ಲ.

ಆಮೇಲೆ 2019ರ ಸೀಸನ್ನಿನಲ್ಲಿ ತಂಡ ಮನೆಗೆ ಬಂತು. 2021ರ ಡಿಸೆಂಬರಿನಿಂದ 2022ರ ಫೆಬ್ರುವರಿವರೆಗೆ ಇಡೀ ಸೀಸನ್ ವೈಟ್‌ಫೀಲ್ಡಿನ ಹೋಟೆಲೊಂದರಲ್ಲಿ ನಡೆಯಿತು. ಕೊರೋನಾ ಕಾಲ, ನೋಡುವವರಿಗೆ ಬಾಗಿಲು ಮುಚ್ಚಿತ್ತು. ಅದನ್ನು ಯಾರೂ ತಪ್ಪೆನ್ನುವುದಿಲ್ಲ. 2022ರ ಅಕ್ಟೋಬರ್ 7ರಂದು ಕಂಠೀರವದಲ್ಲೇ ಸೀಸನ್ ಆರಂಭವಾಯಿತು. 2023ರ ಡಿಸೆಂಬರಿನಲ್ಲೂ ಬೆಂಗಳೂರಿನಲ್ಲಿ ಪಂದ್ಯಗಳು ನಡೆದವು. ಅಲ್ಲಿಗೆ ಮುಗಿಯಿತು. ಮುಂದಿನ ಎರಡು ವೇಳಾಪಟ್ಟಿಗಳಲ್ಲಿ ನಮ್ಮ ಊರಿನ ಹೆಸರು ತಂಡದ ಹೆಸರಿನಲ್ಲಿ ಮಾತ್ರ ಉಳಿಯಿತು.

ಲೀಗಿನವರಿಗೂ ಅವರದೇ ವಾದ ಇದ್ದೇ ಇರುತ್ತದೆ. ಅಂಕಣದ ಮ್ಯಾಟು, ದೀಪ, ಕ್ಯಾಮೆರಾ, ನೂರಾರು ಜನರ ಊಟ ವಸತಿ, ಎಲ್ಲವನ್ನೂ ಊರಿಂದೂರಿಗೆ ಹೊತ್ತು ತಿರುಗುವುದು ದುಬಾರಿ. ಮೂರು ನಾಲ್ಕು ಊರಿಗೆ ಮುಗಿಸಿದರೆ ಖರ್ಚು ಉಳಿಯುತ್ತದೆ. ಈ ಮಾತಿನಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಪಾಟ್ನಾ, ಕೋಲ್ಕತ್ತ, ಅಹಮದಾಬಾದಿನ ಅಭಿಮಾನಿಗಳಿಗೂ ಆ ಎರಡು ವರ್ಷ ಇದೇ ಗತಿಯಾಯಿತು. ಆದರೆ ಪಕ್ಕದ ಮನೆಗೂ ಬೆಂಕಿ ಬಿದ್ದಿದೆ ಎಂದರೆ ನಮ್ಮ ಮನೆಯ ಬೆಂಕಿ ಆರುತ್ತದೆಯೇ? ತೆಲುಗರಿಗೆ ಹೈದರಾಬಾದ್, ವಿಶಾಖಪಟ್ಟಣ ಸಿಕ್ಕಿತು. ತಮಿಳರಿಗೆ ಚೆನ್ನೈ ಸಿಕ್ಕಿತು. ಸಿಗಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಮೂರು ವರ್ಷಕ್ಕೊಮ್ಮೆಯಾದರೂ ನಮ್ಮ ಸರದಿ ಬರುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಮತ್ತೆ ಆ ಬ್ಯಾಸ್ಕೆಟ್‌ಬಾಲಿನ ಕಡೆ ನೋಡಿ. ಎನ್‌ಬಿಎಯಲ್ಲಿ ಪ್ರತಿ ತಂಡಕ್ಕೆ ಸೀಸನ್ನಿಗೆ 82 ಪಂದ್ಯ. ಹೆಚ್ಚು ಕಡಿಮೆ ಅರ್ಧದಷ್ಟು ತನ್ನ ಊರಲ್ಲೇ. ಸೀಸನ್ ಶುರುವಾಗುವುದು ಅಕ್ಟೋಬರಿನಲ್ಲಿ, ವೇಳಾಪಟ್ಟಿ ಆಗಸ್ಟಿನಲ್ಲೇ ಜನರ ಕೈಗೆ ಸಿಗುತ್ತದೆ. ಅಷ್ಟೇ ಅಲ್ಲ, ಅವರು ಸ್ಯಾಕ್ರಮೆಂಟೊ ಕಿಂಗ್ಸ್, ಇಂಡಿಯಾನಾ ಪೇಸರ್ಸ್ ಎಂಬ ಎರಡು ತಂಡಗಳನ್ನು ಹೊತ್ತುಕೊಂಡು 2019ರ ಅಕ್ಟೋಬರ್ 4 ಮತ್ತು 5ರಂದು ಮುಂಬೈಗೇ ಬಂದು ಆಡಿಸಿದರು. ಅಮೆರಿಕದ ತಂಡ ಸಮುದ್ರ ದಾಟಿ ಇಂಡಿಯಾಕ್ಕೆ ಬರುತ್ತದೆ. ಬೆಂಗಳೂರಿನ ತಂಡ ಬೆಂಗಳೂರಿಗೆ ಬರುವುದಿಲ್ಲ!

ಕಂಠೀರವ ಖಾಲಿ ಇರುವುದಿಲ್ಲ, ಬೇರೆ ಆಟಗಳಿಗೂ ಬೇಕು ಎನ್ನುವವರಿಗೆ ಒಂದು ಉತ್ತರವಿದೆ. 2019ರಲ್ಲಿ ಅದೇ ಕ್ರೀಡಾಂಗಣದಲ್ಲಿ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ವಾರ ಬುಲ್ಸ್ ತಂಡದ ಕಬಡ್ಡಿ ನಡೆಯಿತು. ಅದೇ ಸೆಪ್ಟೆಂಬರ್ 24ರಿಂದ 29ರವರೆಗೆ ಏಷ್ಯಾ ಕಪ್ ಮಹಿಳಾ ಬ್ಯಾಸ್ಕೆಟ್‌ಬಾಲ್ ನಡೆಯಿತು. ಜಪಾನ್, ಚೀನಾ ಎಲ್ಲ ಬಂದು ಆಡಿ ಹೋದವು. ಒಂದೇ ತಿಂಗಳ ಅಂತರದಲ್ಲಿ ಎರಡು ದೊಡ್ಡ ಆಟಗಳಿಗೆ ಒಂದೇ ಸೂರಿನ ಕೆಳಗೆ ಜಾಗ ಸಿಕ್ಕಿತು. ಅಂದರೆ ಕೊರತೆ ಜಾಗದ್ದಲ್ಲ. ಮೊದಲೇ ಕೂತು ದಿನಾಂಕ ಗೊತ್ತುಮಾಡುವ ಮನಸ್ಸಿನದು.

ಇನ್ನು ಸಮಯದ ಮಾತು. ಬೆಂಗಳೂರಿನ ಒಳಗಿರುವ ಓದುಗರು ಇದನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಈಚಿನ ಸೀಸನ್ನುಗಳಲ್ಲಿ ಬಹುಪಾಲು ದಿನ ಮೊದಲ ಪಂದ್ಯ ರಾತ್ರಿ 8ಕ್ಕೆ, ಎರಡನೆಯದು 9ಕ್ಕೆ. ಕಬಡ್ಡಿ ಆಟ 40 ನಿಮಿಷದ್ದು. ವಿರಾಮ, ಟೈಮ್‌ಔಟು, ರಿವ್ಯೂ ಎಲ್ಲ ಸೇರಿ ಗಂಟೆಯ ಹತ್ತಿರ ಹೋಗುತ್ತದೆ. ಎರಡನೆಯ ಪಂದ್ಯ ಮುಗಿಯುವ ಹೊತ್ತಿಗೆ 10 ದಾಟುತ್ತದೆ. ಟಿವಿ ಮುಂದೆ ಕೂತವನಿಗೆ ಇದು ಒಳ್ಳೆ ಹೊತ್ತು. ಜಾಹೀರಾತು ಕೊಡುವವನಿಗೆ ಇನ್ನೂ ಒಳ್ಳೆ ಹೊತ್ತು. ಆದರೆ ನಮ್ಮ ಕ್ಯಾಲನೂರಿನ ಹುಡುಗನಿಗೆ? ಅವನು ಕಂಠೀರವದಿಂದ ಹೊರಬಿದ್ದು, ಬಸ್ಸು ಹಿಡಿದು, ಟಿನ್ ಫ್ಯಾಕ್ಟರಿ ದಾಟಿ ಎಪ್ಪತ್ತು ಕಿಲೋಮೀಟರ್ ಆಚೆಯ ಕೋಲಾರ ಸೇರುವ ಹೊತ್ತಿಗೆ ನಡುರಾತ್ರಿ. ಅಲ್ಲಿಂದ ಊರಿಗೆ ಯಾವ ಬಸ್ಸು ಕಾದು ನಿಂತಿರುತ್ತದೆ? ಬೆಳಗಾಗುವ ಮೊದಲೇ ಹಸು ಕರೆದು ಡೇರಿಗೆ ಹಾಲು ಹಾಕಬೇಕು. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ದುಡಿಯುವವನಾದರೆ ಮೊದಲ ಪಾಳಿಗೆ ಹಾಜರಾಗಬೇಕು.

ಹೆಣ್ಣುಮಕ್ಕಳ ಮಾತು ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಕೋಲಾರದ ಕಾಲೇಜು ಹುಡುಗಿಯರು ನಾಲ್ಕು ಜನ ಸೇರಿ ಬೆಂಗಳೂರಿಗೆ ಹೋಗಿಬರಲು ಕಾಸಿನ ಅಡ್ಡಿಯಿಲ್ಲ. ಆದರೆ 9 ಗಂಟೆಯ ಪಂದ್ಯಕ್ಕೆ ಯಾವ ಅಪ್ಪ ಅಮ್ಮ ಕಳಿಸುತ್ತಾರೆ? ಬಾಗಿಲು ತೆರೆದಿಟ್ಟು ಹೊತ್ತಿನಿಂದ ಬೀಗ ಹಾಕಿದಂತಾಯಿತು. ನೆನಪಿರಲಿ, ಕಬಡ್ಡಿಯಲ್ಲಿ ಈ ನಾಡಿಗೆ ಹೆಸರು ತಂದವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. 2012ರಲ್ಲಿ ಪಾಟ್ನಾದಲ್ಲಿ ನಡೆದ ಮೊದಲ ಮಹಿಳಾ ಕಬಡ್ಡಿ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ನಮ್ಮ ಮಮತಾ ಪೂಜಾರಿ. ತೇಜಸ್ವಿನಿ ಬಾಯಿ ಅರ್ಜುನ ಪ್ರಶಸ್ತಿ ಪಡೆದವರು. ಇವರನ್ನು ನೋಡಿ ಅಂಕಣಕ್ಕಿಳಿಯಬೇಕಾದ ಹುಡುಗಿ ದೊಡ್ಡ ಪಂದ್ಯವನ್ನು ಒಮ್ಮೆಯೂ ಕಣ್ಣಾರೆ ನೋಡದಂತಾದರೆ ನಷ್ಟ ಯಾರಿಗೆ?

ನಾನು ಪಿಯುಸಿಗೆ ಓದು ಮುಗಿಸಿ ಪ್ರೆಸ್ಸು ಹಾಕಿಕೊಂಡವನು. ಊರ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಎಂಬ ಕರಪತ್ರಗಳನ್ನು ಮುದ್ರಿಸಿಯೇ ಬೆರಳು ಕಪ್ಪಾಗಿದೆ. ಅದನ್ನು ಬರೆಸಲು ಬರುವ ಹುಡುಗರು ಬಹುಮಾನದ ಮೊತ್ತಕ್ಕಿಂತ ಮೊದಲು ಹೇಳುವ ಮಾತು ಒಂದೇ: “ಅಣ್ಣಾ, ಸ್ಥಳ, ಸಮಯ ದಪ್ಪ ಅಕ್ಷರದಲ್ಲಿ ಬರಲಿ.” ಯಾಕೆ? ಸುತ್ತಲ ಹಳ್ಳಿಯವರು ಅದನ್ನು ನೋಡಿಯೇ ಹೊರಡುವುದು. ಕೊನೆ ಬಸ್ಸು ಎಷ್ಟಕ್ಕೆ, ಊರಲ್ಲಿ ಬೇರೆ ಏನು ಕೆಲಸವಿದೆ ಎಂದು ಯೋಚಿಸಿಯೇ ಆ ಹುಡುಗರು ಹೊತ್ತು ಇಡುತ್ತಾರೆ. ಚಂದಾ ಎತ್ತಿ ಟೂರ್ನಿ ಮಾಡುವ ಹುಡುಗರಿಗಿರುವ ಈ ಸಾಮಾನ್ಯ ಜ್ಞಾನ ಕೋಟಿಗಟ್ಟಲೆ ದುಡ್ಡು ಸುರಿಯುವವರಿಗೆ ಬೇಡವೇ?

ಹೊತ್ತು, ಜಾಗ ಸರಿಯಾಗಿ ತಿಳಿಸದಿದ್ದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ಕಣ್ಣೀರಿನಲ್ಲಿ ಕಲಿತಿದೆ. 2025ರ ಜೂನ್ 4ರಂದು ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆ ತರಾತುರಿಯಲ್ಲಿ ಜನ ಸೇರಿ, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಬಹುಪಾಲು ನಿಮ್ಮ ವಯಸ್ಸಿನವರೇ. ಆ ಮೇಲೆ ಅದೇ ವರ್ಷದ ಮಹಿಳಾ ವಿಶ್ವಕಪ್ ಕ್ರಿಕೆಟ್ ಪಂದ್ಯಗಳೂ ಬೆಂಗಳೂರಿನಿಂದ ನವಿ ಮುಂಬೈಗೆ ಹೋದವು. ಇದನ್ನೇ ನೆಪ ಮಾಡಿಕೊಂಡು ಯಾವ ಆಟವೂ ಬೇಡ ಎಂದರೆ ಅದು ನೆಗಡಿಗೆ ಮೂಗು ಕೊಯ್ದ ಹಾಗೆ. ಕಂಠೀರವ ಒಳಾಂಗಣದಲ್ಲಿ ಹಿಡಿಸುವುದು ಸುಮಾರು 4000 ಜನ. ಎಣಿಸಿ ಟಿಕೆಟ್ ಕೊಟ್ಟು, ತಿಂಗಳ ಮೊದಲೇ ದಿನ ಹೇಳಿ, ಮನೆಗೆ ಹೋಗುವ ದಾರಿ ತೋರಿಸಿದರೆ ಅದು ಗುಂಪಲ್ಲ, ಸಭೆ.

ಆದ್ದರಿಂದ ನಮ್ಮ ಬೇಡಿಕೆ ಸರಳ, ಸ್ಪಷ್ಟ.

ಒಂದು: ಬೆಂಗಳೂರಿನ ಹೆಸರು ಹೊತ್ತ ತಂಡ ಪ್ರತಿ ಸೀಸನ್ನಿನಲ್ಲಿ ಕೆಲವು ಪಂದ್ಯಗಳನ್ನಾದರೂ ಕರ್ನಾಟಕದ ನೆಲದಲ್ಲಿ ಆಡಲೇಬೇಕು. ಕಂಠೀರವ ಸಿಗದಿದ್ದರೆ ಮೈಸೂರಿನ ಚಾಮುಂಡಿ ವಿಹಾರವನ್ನಾದರೂ ಪರಿಶೀಲಿಸಲಿ. ನಾಗಪುರ, ಪುಣೆಗಿಂತ ಅದು ನಮಗೆ ಹತ್ತಿರ.

ಎರಡು: ಶನಿವಾರ, ಭಾನುವಾರ ಒಂದು ಪಂದ್ಯವನ್ನಾದರೂ ಸಂಜೆ 5 ಅಥವಾ 6 ಗಂಟೆಗೆ ಇಡಲಿ. ರಾತ್ರಿ ಪಂದ್ಯದ ದಿನ ಕೋಲಾರ, ತುಮಕೂರು, ರಾಮನಗರ, ಚಿಕ್ಕಬಳ್ಳಾಪುರಕ್ಕೆ ತಡವಾದ ಬಸ್ಸು ಬಿಡಲಿ. ಐಪಿಎಲ್ ಪಂದ್ಯಗಳಿಗೆ ಮೆಟ್ರೊ ಓಡಾಟದ ಹೊತ್ತು ಹೆಚ್ಚಿಸಿದ್ದಾರೆ. ಕಬಡ್ಡಿ ನೋಡುವವರು ಮನುಷ್ಯರಲ್ಲವೇ?

ಮೂರು: ಟಿಕೆಟ್ ಮೇಲೆ, ಅಂಕಪಟ್ಟಿಯ ಮೇಲೆ, ಕ್ರೀಡಾಂಗಣದ ಮೈಕಿನಲ್ಲಿ ಕನ್ನಡ ಇರಲಿ. ಟಿವಿಯಲ್ಲಿ ಕನ್ನಡ ಲಾಭ ತರುತ್ತದೆ ಎಂದು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದೆಲ್ಲ ಪರವೂರ ಆಟಗಾರರ ಮೇಲಿನ ಸಿಟ್ಟಲ್ಲ. ಪವನ್ ದಿಲ್ಲಿಯವನು. ಅವನನ್ನು ನಾವು ಹೆಗಲ ಮೇಲೆ ಹೊತ್ತು ಕುಣಿದೆವು. 2025ರಲ್ಲಿ ತಂಡವನ್ನು ಪಳಗಿಸಿದವರು ನಮ್ಮವರೇ ಆದ ಅರ್ಜುನ ಪ್ರಶಸ್ತಿಯ ಬಿ.ಸಿ. ರಮೇಶ್. ಹಿಂದಿನ ಸೀಸನ್ನಿನಲ್ಲಿ ಕಟ್ಟಕಡೆಯಲ್ಲಿದ್ದ ತಂಡ ಆ ವರ್ಷ ಪ್ಲೇಆಫಿಗೆ ಏರಿತು. ಆ ಏರಿಕೆಯನ್ನೂ ನಾವು ಟಿವಿಯಲ್ಲೇ ನೋಡಿದೆವು.

ಈಗ ನಿಮ್ಮ ಸರದಿ. ವೇಳಾಪಟ್ಟಿ ಬಂದ ಮೇಲೆ ಫೋನಿನಲ್ಲಿ ನಾಲ್ಕು ಬೈಗುಳ ಬರೆದು ಮಲಗಿದರೆ ಏನೂ ಆಗದು. ಅಚ್ಚಾದ ಮೇಲೆ ಪ್ರೂಫ್ ತಿದ್ದಿ ಪ್ರಯೋಜನವಿಲ್ಲ. ಮೊದಲೇ ಕೇಳಬೇಕು. ಕಂಠೀರವ ಇರುವುದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೈಯಲ್ಲಿ. ಇಲಾಖೆಗೆ ಒಂದು ಕಾಗದ, ತಂಡದವರಿಗೆ ಒಂದು ಕಾಗದ, ನಿಮ್ಮ ಶಾಸಕರಿಗೆ ಒಂದು ಕಾಗದ. ಕನ್ನಡದಲ್ಲಿ, ನಿಮ್ಮ ಹೆಸರು, ಊರು ಹಾಕಿ ಬರೆಯಿರಿ. ಯಾವ ತಿಂಗಳು ಕ್ರೀಡಾಂಗಣ ಕೊಡುತ್ತೀರಿ, ಯಾವ ಹೊತ್ತಿಗೆ ಆಡಿಸುತ್ತೀರಿ ಎಂದು ಕೇಳಿ. ಬಸ್ಸಿಗೆ ಕಲ್ಲು ಹೊಡೆಯಬೇಡಿ, ಒಡೆಯುವುದು ನಮ್ಮದೇ ಬಸ್ಸಿನ ಗಾಜು. ನಿಮ್ಮ ಕಾಲೇಜಿನಲ್ಲಿ, ನಿಮ್ಮ ಪಾಳಿಯಲ್ಲಿ, ನಿಮ್ಮ ಹಾಸ್ಟೆಲಿನಲ್ಲಿ ಸಹಿ ಸಂಗ್ರಹಿಸಿ.

ಕಂಠೀರವದ ಬಾಗಿಲು ತೆರೆದ ದಿನ ಕುರ್ಚಿ ಖಾಲಿ ಬಿಡಬೇಡಿ. ಕೇಳಿ ಪಡೆದದ್ದನ್ನು ಉಳಿಸಿಕೊಳ್ಳುವ ಹೊಣೆ ನಮ್ಮದೇ.

ಮಗು ಅಳದೆ ತಾಯಿಯೂ ಹಾಲು ಕೊಡುವುದಿಲ್ಲ. ಇವರಂತೂ ತಾಯಿಯಲ್ಲ, ವ್ಯಾಪಾರಸ್ಥರು. ಅವರಿಗೆ ನಮ್ಮ ಊರಿನ ಹೆಸರು ಬೇಕು. ಹೆಸರಿನ ಬಾಡಿಗೆ ಕೇಳುವ ಹಕ್ಕು ನಮಗಿದೆ. ಆ ಬಾಡಿಗೆ ದುಡ್ಡಲ್ಲ. ನಮ್ಮ ಅಂಗಳದಲ್ಲಿ, ನಮ್ಮ ಹೊತ್ತಿನಲ್ಲಿ, ನಮ್ಮ ಭಾಷೆಯಲ್ಲಿ ಒಂದು ವಾರದ ಆಟ.

ಕೇಳೋಣ. ಸಿಗುವವರೆಗೂ ಕೇಳೋಣ.

ಸಿರಿಗನ್ನಡಂ ಗೆಲ್ಗೆ!