ರೂಟರ್ ಹಿಂದೆ ಫಾಯಿಲ್ ಇಟ್ಟರೆ ವೈಫೈ ವೇಗ ಹೆಚ್ಚುತ್ತದೆಯೇ?

ರೂಟರ್ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಇಟ್ಟರೆ ವೈಫೈ ವೇಗ ದುಪ್ಪಟ್ಟಾಗುತ್ತದೆ ಎಂಬ ಸಂದೇಶ ನಿಮಗೂ ಬಂದಿರಬಹುದು. ಇದು ನಿಜವೇ? ನೋಡೋಣ.

ಲೋಹವು ರೇಡಿಯೊ ತರಂಗಗಳನ್ನು ಪ್ರತಿಫಲಿಸುತ್ತದೆ. ಹಾಗಾಗಿ ಫಾಯಿಲ್ ಎದುರಿನ ಕೋಣೆಯಲ್ಲಿ ಸಿಗ್ನಲ್ ತುಸು ಹೆಚ್ಚಬಹುದು. ಹಿಂದಿನ ಕೋಣೆಯಲ್ಲಿ ಕುಗ್ಗುತ್ತದೆ. ನಾವು ದುಡ್ಡು ಕೊಟ್ಟ ಪ್ಲಾನಿನ ಮಿತಿಯಂತೂ ಬದಲಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ರೂಟರನ್ನು ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ, ಕಬ್ಬಿಣದ ಬೀರು ಮತ್ತು ಮೈಕ್ರೋವೇವ್ ಒಲೆಯಿಂದ ದೂರ ಇಡಿ. 2.4 ಗಿಗಾಹರ್ಟ್ಸ್ ಗೋಡೆ ದಾಟಿ ದೂರ ತಲುಪುತ್ತದೆ; 5 ಗಿಗಾಹರ್ಟ್ಸ್ ಹತ್ತಿರದಲ್ಲಿ ಹೆಚ್ಚು ವೇಗ ಕೊಡುತ್ತದೆ. ಒಂದೇ ಕಡೆ ಇರುವ ಟಿವಿ, ಕಂಪ್ಯೂಟರಿಗೆ ಕೇಬಲ್ ಉತ್ತಮ.

ವೇಗಕ್ಕಿಂತ ದೊಡ್ಡ ವಿಷಯ ಪಾಸ್‌ವರ್ಡ್. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ರೂಟರ್, ಕ್ಯಾಮೆರಾಗಳನ್ನು ವಶಪಡಿಸಿಕೊಂಡಿತು. ಅಕ್ಟೋಬರ್ 21ರಂದು ಅವುಗಳ ಮೂಲಕ ನಡೆದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್ ಅನೇಕರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಸೋಂಕು ತಗುಲಿದರೂ ಸಾಧನ ಎಂದಿನಂತೆ ಕೆಲಸ ಮಾಡುವುದರಿಂದ ಮನೆಯವರಿಗೆ ಸುಳಿವೇ ಸಿಗುವುದಿಲ್ಲ.

ಆದ್ದರಿಂದ ನಮ್ಮ ಸಲಹೆ: ಫಾಯಿಲ್ ಅಡುಗೆಮನೆಯಲ್ಲೇ ಇರಲಿ. ಇಂದೇ ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಅದರ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡಿ.